ಹಸ್ತೆ ಮಳೆಗೆ ಬರೋ ಹಕ್ಕಿಗಳು: ಮೂರು ತಾಲ್ಲೂಕಿನ ಲೆಕ್ಕ

"ಹಕ್ಕಿ ಎಣಿಸಿದ್ರೆ ಬ್ಯಾಂಕಿನ ಸಾಲ ತೀರುತ್ತಾ ಅಪ್ಪಾ?" ಅಂತ ನನ್ನ ಮಗ ವರ್ಷಕ್ಕೊಂದು ಸಲ ಕೇಳ್ತಾನೆ. ನಾನು ನೋಟ್‌ಬುಕ್ಕು, ಪೆನ್ನು ತಗೊಂಡು ಹೊಲದ ಬದುವಿನ ಮೇಲೆ ಕೂತಾಗಲೇ ಅವನಿಗೆ ಈ ಪ್ರಶ್ನೆ ನೆನಪಾಗೋದು. ಅವನು ಕೇಳೋದರಲ್ಲಿ ತಪ್ಪಿಲ್ಲ. ಅವನಿಗೆ ಕೊಡಬೇಕಾದ ಉತ್ತರವನ್ನೇ ಇಲ್ಲಿ ಬರೀತಿದ್ದೀನಿ. ಓದಿದವರು ನನ್ನ ಲೆಕ್ಕ ಸರಿಯೋ ತಪ್ಪೋ ಹೇಳಬಹುದು.

ನಾನು ಹಕ್ಕಿ ಪಂಡಿತ ಅಲ್ಲ. ಓದಿದ್ದು ಏಳನೇ ಕ್ಲಾಸು. ಕಡೂರು ತಾಲ್ಲೂಕಿನ ಬಯಲು ಭಾಗದಲ್ಲಿ ಎಂಟು ಎಕರೆ ಮಳೆ ಆಶ್ರಯದ ಜಮೀನಿದೆ. ನಾಲ್ಕು ಎಕರೆ ಎರೆ, ಮೂರು ಎಕರೆ ಕೆಂಪು, ಉಳಿದ ಒಂದರಲ್ಲಿ ಮನೆ, ಕಣ, ಒಂದಷ್ಟು ತೆಂಗಿನ ಮರ. ಕೆಂಪು ನೆಲಕ್ಕೆ ರಾಗಿ, ಜೊತೆಗೆ ಅವರೆ. ಎರೆಗೆ ಹಿಂಗಾರಿನಲ್ಲಿ ಕಡಲೆ, ಬಿಳಿಜೋಳ. ಬೋರು ಕೊರೆಸಿದ್ದೆ, ಎರಡು ವರ್ಷಕ್ಕೆ ಬತ್ತಿತು. ಆಮೇಲೆ ಆ ಆಸೆ ಬಿಟ್ಟೆ.

1998ರ ಆ ಬೂದಿ ಬಣ್ಣದ ಹಕ್ಕಿ

ನೋಟ್‌ಬುಕ್ಕಿಗೆ ಮೂಲ ಕಾರಣ 1998ರ ಹಿಂಗಾರು. ಆ ವರ್ಷ ನಾಲ್ಕು ಎಕರೆಗೂ ಬಿಳಿಜೋಳ ಹಾಕಿದ್ದೆ. ಪೈರು ಗೇಣುದ್ದ ಆಗಿತ್ತು. ಮಿಡತೆ ಬಿತ್ತು. ಬೆಳಿಗ್ಗೆ ಬದುವಿನ ಮೇಲೆ ಕಾಲಿಟ್ಟರೆ ಚಟಚಟ ಅಂತ ಹಾರೋವು. ಎಲೆಯ ಅಂಚು ಗರಗಸದ ಹಾಗೆ ಆಗಿತ್ತು.

ಜೋಳಕ್ಕೆ ಮಿಡತೆ ಬೀಳೋದು ಹೊಸದಲ್ಲ. 1908ರಲ್ಲಿ ಕೆನಡಾ ದೇಶದಿಂದ ಮೈಸೂರು ಸಂಸ್ಥಾನಕ್ಕೆ ಕೀಟಶಾಸ್ತ್ರಜ್ಞರಾಗಿ ಬಂದ ಲೆಸ್ಲಿ ಕೋಲ್ಮನ್ ಅವರು ಜೋಳದ ಮಿಡತೆ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದರಂತೆ. ಆ ಮಿಡತೆಯ ಶಾಸ್ತ್ರೀಯ ಹೆಸರಿನಲ್ಲಿ ಇವತ್ತಿಗೂ ಅವರ ಹೆಸರು ಸೇರಿದೆ. ನನಗೆ ಆಗ ಇದೆಲ್ಲ ಗೊತ್ತಿರಲಿಲ್ಲ. ಔಷಧಿ ಅಂಗಡಿಗೆ ಹೋದೆ. "ಒಂದು ಸಲ ಗಟ್ಟಿಯಾಗಿ ಹೊಡೀರಿ, ನೆಲದ ಮೇಲೆ ಒಂದು ಉಳಿಯಲ್ಲ" ಅಂತ ಮೋನೋಕ್ರೋಟೋಫಾಸ್ ಕೊಟ್ಟರು. ಹೇಳಿದ ಅಳತೆಗಿಂತ ಒಂದು ಮುಚ್ಚಳ ಜಾಸ್ತಿಯೇ ಹಾಕಿ ಹೊಡೆದೆ. ಆ ಜಾಸ್ತಿ ಮುಚ್ಚಳ ನನ್ನದೇ ಬುದ್ಧಿ, ಅಂಗಡಿಯವರದ್ದಲ್ಲ.

ಮಾರನೇ ದಿನ ಹೋದರೆ ಮಿಡತೆ ಸತ್ತು ಸಾಲಿನಲ್ಲೆಲ್ಲಾ ಬಿದ್ದಿದ್ವು. ಖುಷಿಯಾಯಿತು. ಮೂರನೇ ದಿನ ಬದುವಿನ ಹುಲ್ಲಿನಲ್ಲಿ ಒಂದು ಹಕ್ಕಿ ಬಿದ್ದಿತ್ತು. ಗಿಡುಗದ ಜಾತಿ. ಮೈಯೆಲ್ಲಾ ಒಲೆ ಬೂದಿ ಬಣ್ಣ, ರೆಕ್ಕೆ ತುದಿ ಮಾತ್ರ ಇದ್ದಿಲ ಹಾಗೆ ಕಪ್ಪು. ಉದ್ದ ರೆಕ್ಕೆ, ಎತ್ತಿದರೆ ತೂಕವೇ ಇಲ್ಲ. ಕೊಕ್ಕಿನ ಸಂದಿಯಲ್ಲಿ ಮಿಡತೆಯ ಕಾಲು ಸಿಕ್ಕಿಕೊಂಡಿತ್ತು. ಹತ್ತು ಮಾರು ಆಚೆಗೆ ಎರಡು ಕಾಜಾಣ ಬಿದ್ದಿದ್ವು.

ತಂದು ಅಪ್ಪನಿಗೆ ತೋರಿಸಿದೆ. ಅಪ್ಪ ರೆಕ್ಕೆ ಬಿಡಿಸಿ ನೋಡಿ, "ಇದು ನಮ್ಮೂರ ಹಕ್ಕಿ ಅಲ್ಲ ಕಣ್ಲಾ. ಚಿತ್ತೆ ಮಳೆಗೆ ಬತ್ತದೆ, ಶಿವರಾತ್ರಿ ಆದ್ಮೇಲೆ ಕಾಣಲ್ಲ. ಎಷ್ಟು ದೂರದಿಂದ ಬಂದಿತ್ತೋ, ನಮ್ಮನೆ ಹುಳ ತಿಂದು ಸತ್ತೈತೆ" ಅಂದರು. ಬೈಯಲಿಲ್ಲ. ಹೊಂಗೆ ಮರದ ಕೆಳಗೆ ಗುಂಡಿ ತೋಡಿ ಹೂತರು.

ಹದಿನೈದು ದಿನಕ್ಕೆ ಮಿಡತೆ ಮತ್ತೆ ಬಂತು. ಪಕ್ಕದ ಬೀಳಿನಿಂದ ಬಂದಿರಬಹುದು. ಆ ಸಲ ತಿನ್ನೋಕೆ ಗಿಡುಗವೂ ಇರಲಿಲ್ಲ, ಕಾಜಾಣವೂ ಇರಲಿಲ್ಲ. ಇನ್ನೂ ಎರಡು ಸಲ ಔಷಧಿ ಹೊಡೆದೆ. ಹಕ್ಕಿ ಸತ್ತಿದ್ದಕ್ಕೇ ಮಿಡತೆ ಹೆಚ್ಚಿತು ಅಂತ ಒಂದು ಹೊಲ ನೋಡಿ ಹೇಳೋಕಾಗಲ್ಲ. ಆದರೆ ನನ್ನ ಮನಸ್ಸಿನಲ್ಲಿ ಅದು ಉಳಿದುಬಿಟ್ಟಿತು.

ಹೆಸರು ಗೊತ್ತಾಗಿದ್ದು ಹದಿನಾಲ್ಕು ವರ್ಷದ ಮೇಲೆ

2012ರಲ್ಲಿ ಬಾಸೂರು ಕಾವಲಿನ ಕಡೆ ಹೋಗಿದ್ದೆ. ಕಡೂರು ತಾಲ್ಲೂಕಿನ ಈ ಅಮೃತಮಹಲ್ ಕಾವಲು ಸುಮಾರು ಸಾವಿರದ ಎಂಟುನೂರು ಎಕರೆ ಹುಲ್ಲುಗಾವಲು. ಕೃಷ್ಣಮೃಗ ಇರೋದರಿಂದ 2011ರಲ್ಲಿ ಸರ್ಕಾರ ಅದನ್ನು ಸಂರಕ್ಷಣಾ ಮೀಸಲು ಪ್ರದೇಶ ಅಂತ ಮಾಡಿತು. ಸಂಜೆ ಒಬ್ಬ ಹುಡುಗ ದುರ್ಬೀನು ಹಿಡಿದು ಕೂತಿದ್ದ. ಬೆಂಗಳೂರಿನಲ್ಲಿ ಓದೋನು. "ಯಜಮಾನ್ರೇ, ಸ್ವಲ್ಪ ಕೂತ್ಕೊಳ್ಳಿ, ಈಗ ಬರ್ತವೆ" ಅಂದ.

ಹೊತ್ತು ಮುಳುಗೋ ಸಮಯಕ್ಕೆ ಒಂದೊಂದಾಗಿ ಬಂದ್ವು. ಹುಲ್ಲಿನ ಮೇಲೆ ಒಂದಾಳೆತ್ತರದಲ್ಲಿ ತೇಲಿಕೊಂಡು, ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದು, ಅತ್ತ ಇತ್ತ ವಾಲಾಡಿಕೊಂಡು. ಬೂದಿ ಬಣ್ಣದವು ಗಂಡು. ಕಂದು ಮೈ, ಬಾಲದ ಬುಡದಲ್ಲಿ ಬಿಳಿ ಪಟ್ಟೆ ಇರೋದು ಹೆಣ್ಣು. ನಾನು ಇಪ್ಪತ್ತಮೂರರವರೆಗೆ ಎಣಿಸಿದೆ. ಎಲ್ಲವೂ ಮರ ಹತ್ತದೆ ನೆಲದ ಮೇಲೆ, ಹುಲ್ಲಿನೊಳಗೆ ಇಳಿದ್ವು. ರಾತ್ರಿ ಅಲ್ಲೇ ಮಲಗೋದಂತೆ.

ಕನ್ನಡ ಪುಸ್ತಕದಲ್ಲಿ ಇವಕ್ಕೆ ಸೆಳೆವ ಅಂತ ಹೆಸರು ಅಂದ ಹುಡುಗ. ಮೊಂಟಾಗು ಸೆಳೆವ, ಬಿಳಿ ಸೆಳೆವ, ಜೌಗು ಸೆಳೆವ ಅಂತ ಬೇರೆ ಬೇರೆ ಇದಾವೆ. ನಮ್ಮ ದೇಶಕ್ಕೆ ಬರೋ ಮೊಂಟಾಗು ಸೆಳೆವ ಮರಿ ಮಾಡೋದು ಕಜಕಸ್ತಾನದ ಹುಲ್ಲು ಬಯಲಿನಲ್ಲಿ. ಬೆನ್ನಿಗೆ ಸಣ್ಣ ಯಂತ್ರ ಕಟ್ಟಿ, ಉಪಗ್ರಹದ ಮೂಲಕ ಅವುಗಳ ದಾರಿ ಕಂಡುಹಿಡಿದಿದ್ದಾರೆ. ಬೆಂಗಳೂರಿನ ಏಟ್ರೀ ಸಂಸ್ಥೆಯವರು ಇವು ರಾತ್ರಿ ತಂಗೋ ಜಾಗಗಳನ್ನು ಹುಡುಕಿ ಎಣಿಸೋ ಕೆಲಸ ಮಾಡಿದ್ದಾರೆ.

ನಾನು 1998ರ ಕಥೆ ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದ ಸಂಗತಿ ಹೇಳಿದ. 1995-96ರಲ್ಲಿ ಅಲ್ಲಿನ ರೈತರು ಮಿಡತೆಗೆ ಇದೇ ಮೋನೋಕ್ರೋಟೋಫಾಸ್ ಹೊಡೆದರು. ಉತ್ತರ ಅಮೆರಿಕದಿಂದ ವಲಸೆ ಬಂದು ಮಿಡತೆ ತಿಂದು ಬದುಕೋ ಒಂದು ಜಾತಿ ಗಿಡುಗ ಹೊಲದಲ್ಲೇ ಸತ್ತು ಬಿದ್ದವು. ಎಣಿಸಿ ಸಿಕ್ಕಿದ್ದೇ ಐದು ಸಾವಿರಕ್ಕಿಂತ ಹೆಚ್ಚು, ಒಟ್ಟು ಇಪ್ಪತ್ತು ಸಾವಿರ ಸತ್ತಿರಬೇಕು ಅಂತ ಅಂದಾಜು. ಆಮೇಲೆ ಅಲ್ಲಿ ಮಿಡತೆಗೆ ಆ ಔಷಧಿ ಹೊಡೆಯೋದನ್ನು ನಿಲ್ಲಿಸಿದರು. ನಮ್ಮ ದೇಶದಲ್ಲಿ 2005ರಲ್ಲಿ ತರಕಾರಿ ಬೆಳೆಗೆ ಮಾತ್ರ ಅದನ್ನು ನಿಷೇಧ ಮಾಡಿದರು.

ಎರಡು ಸಾವಿರ ಮೈಲಿ ದಾಟಿ ಬಂದಿದ್ದು ನನ್ನ ಒಂದು ಮುಚ್ಚಳ ಔಷಧಿಗೆ ಸತ್ತಿತಲ್ಲ ಅಂತ ಅನ್ನಿಸಿತು. ಹೇಳೋಣ ಅಂದರೆ ಅಪ್ಪ ಆಗಲೇ ಇರಲಿಲ್ಲ. ಊರಿಗೆ ಬಂದವನೇ ನೂರು ಪುಟದ ನೋಟ್‌ಬುಕ್ಕು ತಗೊಂಡೆ. ಮಗಳು ಕಾಲೇಜಿನ ಲೈಬ್ರರಿಯಿಂದ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ತಂದುಕೊಟ್ಟಳು. ಹೆಸರುಗಳನ್ನೆಲ್ಲ ಚಿತ್ರ ನೋಡಿಕೊಂಡು ಕಲಿತೆ.

ಮಳೆ ನಕ್ಷತ್ರದ ಪ್ರಕಾರ ಬರೋ ಕ್ರಮ

ನಾನು ತಾರೀಕಿನ ಜೊತೆಗೆ ಮಳೆ ನಕ್ಷತ್ರವನ್ನೂ ಬರೆದಿಡ್ತೀನಿ. ನಮಗೆಲ್ಲಾ ನೆನಪಿರೋದು ಅದೇ ಅಲ್ವಾ? ಹೊಲದ ಕೆಲಸಕ್ಕೂ ಹಕ್ಕಿ ಬರೋದಕ್ಕೂ ಹೊಂದಿಸಿ ನೋಡೋಕೆ ಸುಲಭ.

ಉತ್ತರೆ ಮಳೆ (ಸೆಪ್ಟೆಂಬರ್ ಎರಡನೇ ವಾರದಿಂದ): ಮೊದಲು ಬರೋದು ಸಿಪಿಲೆ. ಬಾಲ ಮೇಲೆ ಕೆಳಗೆ ಕುಣಿಸೋ ಸಣ್ಣ ಹಕ್ಕಿ. ಕೆರೆ ಅಂಗಳ, ಗುಂಡಿ ನೀರು, ಸಗಣಿ ಗುಂಡಿ ಹತ್ತಿರ ಒಂದೊಂದೇ ಓಡಾಡ್ತಿರುತ್ತೆ. ಅದೇ ಹೊತ್ತಿಗೆ ಕರೆಂಟ್ ತಂತಿ ಮೇಲೆ ಅಂಬರಗುಬ್ಬಿ ಸಾಲು ಕೂರುತ್ತೆ. ಇವೆರಡೂ ತಿನ್ನೋದು ನೊಣ, ಸೊಳ್ಳೆ, ಹಾರೋ ಹುಳ. ಸಖರಾಯಪಟ್ಟಣದ ಅಯ್ಯನಕೆರೆ ಕಡೆ ಹೋದಾಗ ಕೆಸರಿನಲ್ಲಿ ಗದ್ದೆಗೊರವಗಳನ್ನೂ ನೋಡಿದ್ದೀನಿ.

ಹಸ್ತೆ ಮಳೆ (ಸೆಪ್ಟೆಂಬರ್ ಕೊನೆಯಿಂದ): ಈ ಮಳೆಗೆ ತರೀಕೆರೆ ಕಡೆ ಹೋಗಬೇಕು. ನಮ್ಮಕ್ಕನನ್ನು ಲಿಂಗದಹಳ್ಳಿ ಹತ್ತಿರ ಕೊಟ್ಟಿದ್ದೀವಿ, ಅಡಿಕೆ ತೋಟದವರು. ನಮ್ಮಲ್ಲಿ ಧೂಳೆದ್ದರೂ ಅಲ್ಲಿ ಜಿಗಣೆ ಬಿಟ್ಟಿರಲ್ಲ. ತೋಟದ ದರಗಿನ ಮೇಲೆ ಕಾಡು ಸಿಪಿಲೆ ಓಡಾಡುತ್ತೆ. ಬೇರೆ ಸಿಪಿಲೆ ಬಾಲವನ್ನು ಮೇಲೆ ಕೆಳಗೆ ಆಡಿಸಿದರೆ ಇದು ಅಕ್ಕಪಕ್ಕಕ್ಕೆ ಆಡಿಸುತ್ತೆ, ಅದೇ ಗುರುತು. ನವರಂಗ ಬರೋದೂ ಇದೇ ಸಮಯಕ್ಕೆ. ಹೆಸರಿಗೆ ತಕ್ಕ ಹಾಗೆ ಮೈ ಮೇಲೆ ಹಸಿರು, ನೀಲಿ, ಕೆಂಪು, ಹಳದಿ, ಕಪ್ಪು ಎಲ್ಲಾ ಇದೆ. ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಇಳಿಯುತ್ತೆ. ರಾತ್ರಿ ಹಾರಿಬಂದು ಸುಸ್ತಾಗಿ ಒಂದು ವರ್ಷ ಅಕ್ಕನ ಮನೆ ಕೊಟ್ಟಿಗೆಯಲ್ಲೇ ಬಿದ್ದಿತ್ತು. ಅಕ್ಕ ಕುಕ್ಕೆ ಮುಚ್ಚಿ ಬೆಕ್ಕಿನಿಂದ ಕಾದು, ಬೆಳಿಗ್ಗೆ ಬಿಟ್ಟಳು. ಹಾರಿಹೋಗಿ ತೋಟದಲ್ಲೇ ಉಳೀತು. ದರಗು ಕೆದಕಿ ಹುಳ ತಿನ್ನೋ ಹಕ್ಕಿ ಇದು. ಭಾವ ತೋಟಕ್ಕೆ ಕಳೆನಾಶಕ ಹೊಡೆಯೋದು ಬಿಟ್ಟು, ಕತ್ತಿಯಲ್ಲಿ ಸವರಿಸೋದಕ್ಕೆ ಶುರು ಮಾಡಿದ ಮೇಲೆ ದರಗು ದಪ್ಪ ಆಗಿ, ಇವೂ ಹೆಚ್ಚು ಕಾಣ್ತಿವೆ ಅಂತಾರೆ.

ಎಲ್ಲವೂ ಲಾಭದವೇ ಅಂತಲ್ಲ. ಭಾವ ಜೇನು ಪೆಟ್ಟಿಗೆ ಇಟ್ಟಿದ್ದಾರೆ. ನೀಲಿ ಬಾಲದ ಕಳ್ಳಿಪೀರ ತಂತಿ ಮೇಲೆ ಕೂತು ಜೇನುಹುಳವನ್ನು ಗಾಳಿಯಲ್ಲೇ ಹಿಡಿಯೋದು ನೋಡಿ ಅವರಿಗೆ ಹೊಟ್ಟೆ ಉರಿಯುತ್ತೆ. ಪೆಟ್ಟಿಗೆಗಳನ್ನು ತಂತಿ ಹತ್ತಿರದಿಂದ ತೆಗೆದು ದಟ್ಟ ನೆರಳಿಗೆ ಇಟ್ಟ ಮೇಲೆ ಕಾಟ ಕಮ್ಮಿಯಾಯಿತು.

ಚಿತ್ತೆ ಮಳೆ (ಅಕ್ಟೋಬರ್ ಎರಡನೇ ವಾರದಿಂದ): ನನ್ನ ಸೆಳೆವ ಬರೋ ಕಾಲ. ಹದಿಮೂರು ವರ್ಷದ ನೋಟ್‌ಬುಕ್ಕಿನಲ್ಲಿ ಎಲ್ಲಕ್ಕಿಂತ ಬೇಗ ಬಂದಿದ್ದು ಅಕ್ಟೋಬರ್ 3ಕ್ಕೆ, ತಡವಾಗಿದ್ದು 27ಕ್ಕೆ. ಹೆಚ್ಚಿನ ವರ್ಷ ಚಿತ್ತೆ ಮಳೆಯೊಳಗೇ ಬಂದಿದೆ, ಅಪ್ಪ ಹೇಳಿದ ಹಾಗೆ. ಚಾಣವೂ ಆಗಲೇ ಬರುತ್ತೆ. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿದು ನಿಂತು, ಕೆಳಗೆ ಇಲಿ, ಮಿಡತೆ ಕಂಡರೆ ದಪ್ಪಂತ ಬೀಳೋದು ಚಾಣ.

ಸ್ವಾತಿ, ವಿಶಾಖ ಮಳೆ (ಅಕ್ಟೋಬರ್ ಕೊನೆಯಿಂದ ನವೆಂಬರ್): ಉತ್ತ ಹೊಲದಲ್ಲಿ ನೆಲಗುಬ್ಬಿ ಹಿಂಡು. ಮಣ್ಣಿನದೇ ಬಣ್ಣ, ಹಾರಿದಾಗಲೇ ಇದ್ದವು ಅಂತ ಗೊತ್ತಾಗೋದು. ಆಮೇಲೆ ಗುಲಾಬಿ ಕಬ್ಬಕ್ಕಿ. ಗೊರವಂಕದ ಗಾತ್ರ, ತಲೆ ರೆಕ್ಕೆ ಕಪ್ಪು, ಬೆನ್ನು ಹೊಟ್ಟೆ ಮಾಸಿದ ಗುಲಾಬಿ. ಮೊದಲು ಹತ್ತಿಪ್ಪತ್ತು, ಸಂಕ್ರಾಂತಿ ಹೊತ್ತಿಗೆ ಸಾವಿರಗಟ್ಟಲೆ. ಇವುಗಳ ವಿಚಾರ ಮುಂದೆ ಬರೀತೀನಿ, ಜಗಳ ಇರೋದು ಇವುಗಳ ಜೊತೆಗೇ.

ಅಜ್ಜಂಪುರದ ಕಾವಲು ಬಂಜರು ಅಲ್ಲ

ಸೆಳೆವ ನೋಡಬೇಕು ಅಂದರೆ ಹುಲ್ಲು ಬೇಕು. ಹುಲ್ಲು ಉಳಿದಿರೋದು ದನದ ಕಾವಲಿನಲ್ಲಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಇದ್ದದ್ದನ್ನು ಟಿಪ್ಪು ಸುಲ್ತಾನ್ ಅಮೃತಮಹಲ್ ಅಂತ ಕರೆದ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ 1929ರಿಂದ ಇದೆ. ಆಗ ಅದು ತರೀಕೆರೆ ತಾಲ್ಲೂಕು, ಈಗ ಅಜ್ಜಂಪುರವೇ ತಾಲ್ಲೂಕಾಗಿದೆ. ಹಳೇ ಮೈಸೂರಿನಲ್ಲಿ ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆ ಮೀರಿ ಇದ್ದ ಅಮೃತಮಹಲ್ ಕಾವಲುಗಳಲ್ಲಿ ಈಗ ಸಣ್ಣ ಪಾಲು ಉಳಿದಿದೆ. ಸಾಗುವಳಿ, ಊರು, ರಸ್ತೆ, ನೆಡುತೋಪು ಅಂತ ಉಳಿದದ್ದು ಹೋಯಿತು.

ನಮ್ಮಲ್ಲೇ ಎಷ್ಟೋ ಜನ ಕಾವಲನ್ನು ಬಂಜರು ಅಂತಾರೆ, "ಸುಮ್ಮನೆ ಬಿದ್ದಿದೆ, ನೀಲಗಿರಿ ಹಾಕಬಾರದಾ" ಅಂತಾರೆ. ನಾನೂ ಹಾಗೇ ಅಂದವನೇ. ಮರ ಎದ್ದ ಕಡೆ ಸೆಳೆವ ಮಲಗಲ್ಲ. ನೆಲದ ಮೇಲೆ ಮಲಗೋ ಹಕ್ಕಿಗೆ ದೂರದಿಂದ ಬರೋ ನರಿ, ನಾಯಿ ಕಾಣೋ ಹಾಗೆ ಬಯಲು ಬೇಕು, ಮರೆಯಾಗೋಕೆ ಮೊಣಕಾಲುದ್ದ ಹುಲ್ಲು ಬೇಕು. ಹೊಸ ಹುಲ್ಲು ಚಿಗುರಲಿ ಅಂತ ಚಳಿಗಾಲದಲ್ಲಿ ಬೆಂಕಿ ಹಾಕಿದರೂ ಜಾಗ ಬಿಟ್ಟು ಹೋಗ್ತವೆ.

ಸೆಳೆವ ಮಲಗಿದ್ದ ಜಾಗದಲ್ಲಿ ಬೆಳಿಗ್ಗೆ ಹುಡುಕಿದರೆ ಹೆಬ್ಬೆರಳು ಗಾತ್ರದ ಉಂಡೆ ಸಿಗುತ್ತೆ. ತಿಂದದ್ದರಲ್ಲಿ ಜೀರ್ಣ ಆಗದ್ದನ್ನು ಹಕ್ಕಿ ಉಂಡೆ ಮಾಡಿ ಕಕ್ಕುತ್ತೆ. ಆ ಹುಡುಗ ಒಂದನ್ನು ನೀರಲ್ಲಿ ನೆನೆಸಿ ಬಿಡಿಸಿ ತೋರಿಸಿದ. ಮಿಡತೆಯ ಕಾಲು, ದವಡೆ ಚೂರು, ಸಣ್ಣ ಹಕ್ಕಿಯ ಒಂದೆರಡು ಪುಕ್ಕ. ಹೆಚ್ಚುಪಾಲು ಮಿಡತೆಯದೇ. ಕಾವಲಿನಲ್ಲಿ ಮಲಗಿ, ಹಗಲೆಲ್ಲ ನಮ್ಮ ಹೊಲಗಳ ಮೇಲೆ ಸುತ್ತಿ ತಿಂದದ್ದು. ಕಾವಲು ಹೋದರೆ ಸುತ್ತಲ ರೈತರಿಗೆ ಸಂಬಳವಿಲ್ಲದ ಆಳು ಹೋದ ಹಾಗೆ.

ಗುಲಾಬಿ ಕಬ್ಬಕ್ಕಿ ಜೊತೆ ಜಗಳ

ಈಗ ನಷ್ಟದ ವಿಚಾರ. 2016ರಲ್ಲಿ ದನಕ್ಕೆ ಸೊಪ್ಪೆ ಇಲ್ಲ ಅಂತ ಎರಡು ಎಕರೆ ಬಿಳಿಜೋಳ ಬಿತ್ತಿದೆ. ಊರಲ್ಲಿ ಉಳಿದವರು ಮೆಕ್ಕೆಜೋಳ, ಈರುಳ್ಳಿ. ತೆನೆ ಹಾಲುದುಂಬೋ ಹೊತ್ತಿಗೆ ಕಬ್ಬಕ್ಕಿ ಇಳಿದ್ವು. ನಾನು ಮಂಚಿಕೆ ಹಾಕಿ, ಡಬ್ಬ ಬಡಿದು, ಕವಣೆ ಬೀಸಿ, ಬೆರ್ಚಪ್ಪ ನಿಲ್ಲಿಸಿ, ಮಿಣುಗು ಟೇಪು ಕಟ್ಟಿ ಎಲ್ಲಾ ಮಾಡಿದೆ. ಈ ತುದಿಯಲ್ಲಿ ಎಬ್ಬಿಸಿದರೆ ಆ ತುದಿಯಲ್ಲಿ ಇಳಿಯೋವು. ಹತ್ತು ಕ್ವಿಂಟಾಲ್ ಆಗಬೇಕಿದ್ದ ಕಡೆ ಮೂರು ಕ್ವಿಂಟಾಲ್ ಬಂತು. ಹೆಂಡತಿ, "ನಿಮ್ಮ ನೆಂಟರು ಉಂಡು ಹೋದ್ರು" ಅಂದಳು.

ಬಲೆ ಕಟ್ಟು ಅಂತ ಹೇಳಿದವರಿದ್ದರು. ಬಲೆಗೆ ಬಿದ್ದದ್ದು ಕಬ್ಬಕ್ಕಿ, ಕಾಜಾಣ ಅಂತ ನೋಡಲ್ಲ. ವಿಷಕ್ಕೂ ಗೊತ್ತಾಗಲ್ಲ. ಅದನ್ನು ನಾನು ಒಂದು ಸಲ ಮಾಡಿ ನೋಡಿದ್ದೆ.

ಆಮೇಲೆ ಯೋಚನೆ ಮಾಡಿದೆ. ನಾವು ಚಿಕ್ಕವರಿದ್ದಾಗಲೂ ಕಬ್ಬಕ್ಕಿ ಬರ್ತಿತ್ತು. ಆಗ ಇಷ್ಟು ನಷ್ಟ ಯಾಕೆ ಆಗ್ತಿರಲಿಲ್ಲ? ಆಗ ಊರಿನ ಎರೆಯೆಲ್ಲಾ ಜೋಳವೇ. ಸಾವಿರ ಹಕ್ಕಿ ಬಂದರೂ ಇನ್ನೂರು ಎಕರೆಗೆ ಹಂಚಿಹೋಗೋದು. ಈಗ ಒಬ್ಬನೇ ಬಿತ್ತಿದರೆ ಆ ಸಾವಿರ ಹಕ್ಕಿಗೂ ಅವನೊಬ್ಬನದೇ ಊಟ. ಹಕ್ಕಿ ಹೆಚ್ಚಾಗಿಲ್ಲ, ಜೋಳ ಕಮ್ಮಿಯಾಗಿದೆ.

ಈ ಹಕ್ಕಿಯ ಇನ್ನೊಂದು ಮುಖವನ್ನೂ ಹೇಳಬೇಕು. ಇದು ಮರಿ ಮಾಡೋದು ಮಧ್ಯ ಏಷ್ಯಾದಲ್ಲಿ. ಅಲ್ಲಿ ಮರಿಗೆ ತಿನ್ನಿಸೋದೆಲ್ಲಾ ಮಿಡತೆ, ಲೋಕಸ್ಟು. ಚೀನಾದ ಶಿನ್‌ಜಿಯಾಂಗ್ ಪ್ರಾಂತದಲ್ಲಿ ಹುಲ್ಲುಗಾವಲಿಗೆ ಲೋಕಸ್ಟು ಬೀಳೋದನ್ನು ತಡೆಯೋಕೆ ಇದೇ ಹಕ್ಕಿಗೆ ಕಲ್ಲಿನ ಗೂಡು ಕಟ್ಟಿಕೊಟ್ಟು ಕರೆಸಿಕೊಳ್ತಾರೆ. ಅದೇ ಚೀನಾದಲ್ಲಿ 1958ರಲ್ಲಿ ಗುಬ್ಬಿ ಕಾಳು ತಿನ್ನುತ್ತೆ ಅಂತ ದೇಶವೆಲ್ಲಾ ಸೇರಿ ಗುಬ್ಬಿ ಕೊಂದು, ಆಮೇಲೆ ಹುಳದ ಕಾಟ ಹೆಚ್ಚಾಗಿ, 1960ರಲ್ಲಿ ಆ ಕೆಲಸ ನಿಲ್ಲಿಸಿದ್ದರು. ನಮ್ಮಲ್ಲಿಗೆ ಬಂದಾಗಲೂ ಕಬ್ಬಕ್ಕಿ ತೆನೆ ಸಿಗೋವರೆಗೆ ದನದ ಹಿಂದೆ ಓಡಾಡಿ ಮಿಡತೆ ತಿನ್ನುತ್ತೆ. ಕಡಲೆ ಹೊಲದಲ್ಲಿ ಹುಳ ಹೆಕ್ಕೋದನ್ನು ನಾನು ಕಣ್ಣಾರೆ ನೋಡಿದ್ದೀನಿ. ನವೆಂಬರಿನಲ್ಲಿ ಕೂಲಿ ಮಾಡಿ ಜನವರಿಯಲ್ಲಿ ಕೂಲಿ ವಸೂಲಿ ಮಾಡೋ ಜಾತಿ. ನಮ್ಮ ಕಣ್ಣಿಗೆ ವಸೂಲಿ ಮಾತ್ರ ಬೀಳುತ್ತೆ.

ನಾವು ಮಾಡ್ತಿರೋದು

2018ರಿಂದ ನಾವು ಆರು ಮನೆಯವರು ಮಾತಾಡಿಕೊಂಡು ಸುಮಾರು ಇಪ್ಪತ್ತೈದು ಎಕರೆಗೆ, ಒಂದು ವಾರದ ಒಳಗೆ ಬಿಳಿಜೋಳ ಬಿತ್ತುತ್ತೀವಿ. ಎಲ್ಲರ ತೆನೆಯೂ ಒಟ್ಟಿಗೆ ಹಾಲುದುಂಬುತ್ತೆ, ಒಟ್ಟಿಗೆ ಗಟ್ಟಿಯಾಗುತ್ತೆ. ಕಾಯೋದು ಸರದಿ ಮೇಲೆ, ಬೆಳಿಗ್ಗೆ ಮೂರು ಗಂಟೆ, ಸಂಜೆ ಎರಡು ಗಂಟೆ. ಹಕ್ಕಿ ಜಾಸ್ತಿ ಇಳಿಯೋದು ಆಗಲೇ. ನಷ್ಟ ನಿಂತಿಲ್ಲ, ಹಂಚಿಹೋಗಿದೆ.

ಕಡಲೆಗೆ ಮಾಡೋದು ಇಷ್ಟು:

1. ಬಿತ್ತಿದ ಇಪ್ಪತ್ತು ದಿನದೊಳಗೆ ಎಕರೆಗೆ ಇಪ್ಪತ್ತು ಕವಲು ಕೋಲು ನೆಡ್ತೀವಿ, ಪೈರಿಗಿಂತ ಎರಡು ಅಡಿ ಎತ್ತರಕ್ಕೆ. ಕಾಜಾಣ, ಕಳಿಂಗ, ಗೊರವಂಕ ಅದರ ಮೇಲೆ ಕೂತು ಕಾಯಿಕೊರಕ ಹುಳ ಹೆಕ್ಕುತ್ತವೆ. ಕಾಳಿನ ತೆನೆ ಇರೋ ಹೊಲಕ್ಕೆ ಮಾತ್ರ ಈ ಕೋಲು ಬೇಡ.

2. ಹೂ ಬಿಡೋ ಹೊತ್ತಿಗೆ ಬೆಳಿಗ್ಗೆ ಸಾಲಿನ ಮಧ್ಯೆ ಒಂದಿಷ್ಟು ಮಂಡಕ್ಕಿ ಎರಚುತ್ತೀವಿ. ಮಂಡಕ್ಕಿಗೆ ಬಂದ ಹಕ್ಕಿ ಹುಳದ ರುಚಿ ನೋಡಿಕೊಳ್ಳುತ್ತೆ. ಉತ್ತರ ಕರ್ನಾಟಕದ ರೈತರು ಎಳ್ಳಮಾವಾಸ್ಯೆಗೆ ಚರಗ ಚೆಲ್ಲೋದು, ಅಕ್ಕನ ಮನೆಯಲ್ಲಿ ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಹಾಕೋದು ನೋಡಿದಾಗ ನನಗೆ ಇದೇ ನೆನಪಾಗುತ್ತೆ.

3. ಗಿಡ ಅಲುಗಾಡಿಸಿ ಹುಳ ಎಣಿಸದೆ ಯಾವ ಔಷಧಿಯೂ ಇಲ್ಲ. ಬೇಕಾದರೆ ಮೊದಲು ಬೇವಿನ ಬೀಜದ ಕಷಾಯ, ನೂರು ಲೀಟರ್ ನೀರಿಗೆ ಐದು ಕಿಲೋ ಬೀಜ. ಹುಳ ಸಣ್ಣದಿರುವಾಗಲೇ ಎನ್.ಪಿ.ವಿ. ನಂಜಾಣು ದ್ರಾವಣ, ಅದೂ ಬಿಸಿಲು ಇಳಿದ ಮೇಲೆ.

4. ಬದುವಿನ ಹುಲ್ಲಿಗೆ ಬೆಂಕಿ ಇಲ್ಲ. ದನಕ್ಕೆ ಬೇಕಾದಷ್ಟು ಕೊಯ್ದು ಉಳಿದದ್ದು ಬಿಡ್ತೀವಿ.

5. ಇಲಿಗೆ ಪಾಷಾಣ ಇಡಲೇಬೇಕಾದರೆ ಬಿಲದ ಒಳಗೆ ಇಟ್ಟು ಬಾಯಿ ಮುಚ್ಚುತ್ತೀವಿ. ಸತ್ತ ಇಲಿ ಹೊರಗೆ ಸಿಕ್ಕರೆ ಆಳವಾಗಿ ಹೂಳ್ತೀವಿ. ಇಲಿ ತಿಂದ ಗೂಬೆ, ಚಾಣ ಸಾಯಬಾರದು.

ಮಗನಿಗೆ ಕೊಟ್ಟ ಲೆಕ್ಕ

2024ರ ಹಿಂಗಾರಿನ ನನ್ನ ಲೆಕ್ಕ ಹೀಗಿದೆ. ಕಡಲೆ ಎರಡು ಎಕರೆ. ಮೊದಲು ನಾಲ್ಕು ಸಲ ಔಷಧಿ ಹೊಡೀತಿದ್ದೆ. ಈಗಿನ ದರದಲ್ಲಿ ಕೂಲಿ ಸೇರಿ ಎಕರೆಗೆ ಸಲಕ್ಕೆ ಸಾವಿರದ ಇನ್ನೂರು ಅಂದರೂ 9,600 ರೂಪಾಯಿ. ಆ ವರ್ಷ ಕಷಾಯ, ನಂಜಾಣು, ಮಂಡಕ್ಕಿ ಎಲ್ಲಾ ಸೇರಿ ಖರ್ಚಾಗಿದ್ದು 2,000. ಉಳಿದದ್ದು 7,600. ಇಳುವರಿ ಕಮ್ಮಿಯಾಗಲಿಲ್ಲ. ಜೋಳ ಎರಡು ಎಕರೆ. ಹಕ್ಕಿ ತಿಂದದ್ದು ನನ್ನ ಅಂದಾಜಿಗೆ ಎರಡು ಕ್ವಿಂಟಾಲ್, ಕ್ವಿಂಟಾಲಿಗೆ ಮೂರು ಸಾವಿರದ ಹಾಗೆ 6,000. ಕಳೆದರೆ ನನ್ನ ಕಡೆಗೆ 1,600 ರೂಪಾಯಿ.

ಹಕ್ಕಿಯಿಂದ ನಾನು ಸಾಹುಕಾರ ಆಗಿಲ್ಲ. ಬ್ಯಾಂಕಿನ ಸಾಲ ತೀರಲ್ಲ. ಆದರೆ ಹಕ್ಕಿಯಿಂದ ಹಾಳಾದೆ ಅನ್ನೋ ಹಾಗೂ ಇಲ್ಲ. ಜೋಳದ ಹೊಲ ಮಾತ್ರ ನೋಡಿದರೆ ಹಕ್ಕಿ ಕಳ್ಳ, ಕಡಲೆ ಹೊಲ ಮಾತ್ರ ನೋಡಿದರೆ ದೇವರು. ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಎಲ್ಲಾ ಹೊಲ ಸೇರಿಸಿ ನೋಡಿದಾಗಲೇ ಲೆಕ್ಕ ಸರಿ ಬರೋದು. ಇದರಲ್ಲಿ ಔಷಧಿ ಮೂಗಿಗೆ ಬಡಿದು ತಲೆ ಸುತ್ತಿ ಮಲಗೋ ದಿನಗಳ ಲೆಕ್ಕ ಸೇರಿಸಿಲ್ಲ.

ಮಗ ಲೆಕ್ಕ ನೋಡಿ, "ಕಾಯೋ ಕೂಲಿ ಹಾಕಿಲ್ವಲ್ಲಪ್ಪ" ಅಂದ. ನಿಜ, ಮನೆಯವರ ದುಡಿಮೆ ಹಾಕಿಲ್ಲ. ಹಾಕಿದರೆ ಸಮ ಸಮ ಆಗಬಹುದು. ಅದನ್ನೂ ಒಪ್ಪಿಕೊಂಡೇ ಬರೀತಿದ್ದೀನಿ.

ಒಂದು ಹೆದರಿಕೆ ಇದೆ. 2012ರಲ್ಲಿ ಬಾಸೂರಿನಲ್ಲಿ ನಾನು ಎಣಿಸಿದ್ದು ಇಪ್ಪತ್ತಮೂರು ಸೆಳೆವ. 2023ರ ಬರಗಾಲದಲ್ಲಿ ಹುಲ್ಲೂ ಇರಲಿಲ್ಲ, ಮಿಡತೆಯೂ ಇರಲಿಲ್ಲ, ಮೂರು ಸಂಜೆ ಕೂತರೂ ನಾಲ್ಕು ಮೀರಿ ಕಾಣಲಿಲ್ಲ. 2024ರಲ್ಲಿ ಮಳೆ ಚೆನ್ನಾಗಿ ಆಯಿತು, ಒಂಬತ್ತು ಬಂದ್ವು. ಬೇರೆ ಕಡೆ ಮಲಗ್ತಿವೆಯೋ, ಕಮ್ಮಿಯೇ ಆಗಿವೆಯೋ ಒಬ್ಬನ ನೋಟ್‌ಬುಕ್ಕಿನಿಂದ ತೀರ್ಮಾನ ಆಗಲ್ಲ. ಅದಕ್ಕೇ ಓದುಗರಲ್ಲಿ ಒಂದು ಕೇಳಿಕೆ.

ನಿಮ್ಮ ಊರಿಗೆ ಸಿಪಿಲೆ ಯಾವ ಮಳೆಗೆ ಬಂತು, ಬೂದಿ ಗಿಡುಗ ಯಾವತ್ತು ಕಂಡಿತು, ಕಬ್ಬಕ್ಕಿ ಯಾವಾಗ ಇಳಿದ್ವು, ನಿಮ್ಮೂರಲ್ಲಿ ಜೋಳ ಎಷ್ಟು ಎಕರೆ ಇತ್ತು, ಎಷ್ಟು ತಿಂದವು, ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಕಳಿಸಿ. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ, ಗಾತ್ರ ಬರೆದರೂ ಸಾಕು. ನಿಮ್ಮ ಹೊಲದಲ್ಲಿ ಸತ್ತ ಹಕ್ಕಿ ಸಿಕ್ಕಿದ್ದರೆ ಅದನ್ನೂ ಮುಚ್ಚಿಡದೆ ಬರೀರಿ. ನಾನು ನನ್ನದನ್ನು ಬರೆದಿದ್ದೀನಿ.